ಕೆನ್ನೆಯ ಮೇಲಿನ ಹಿಟ್ಟು

ಕೆಲವರಿಗೆ ಶನಿ ಜಾತಕದಲ್ಲಿರುತ್ತಾನೆ, ನನಗೆ ಮೈದಾ ಹಿಟ್ಟಿನಲ್ಲಿದ್ದಾನೆ. ನಾಲ್ಕು ವರ್ಷದಲ್ಲಿ ಮೂರು ಊರು ಬದಲಾಯಿಸಿದೆ, ಅವನು ಬೆನ್ನು ಬಿಡಲಿಲ್ಲ.

ಮಸ್ಕತ್ತಿನಲ್ಲಿದ್ದಾಗ ಪ್ರತಿ ಶುಕ್ರವಾರ, ರಜೆಯ ದಿನ, ನನ್ನ ಹೆಂಡತಿ ಬೆಳಗಿನ ತಿಂಡಿಗೆ ಖುಬ್ಬೂಸ್ ಮಾಡುತ್ತಿದ್ದಳು. ಅರಬರ ಉಬ್ಬಿದ ರೊಟ್ಟಿ. ಮೇಲೆ ಆಲಿವ್ ಎಣ್ಣೆ, ಝಾತರ್ ಎಂಬ ಹುಳಿಹುಳಿ ಸೊಪ್ಪಿನ ಪುಡಿ. ನಾನು ಏಳುವಷ್ಟರಲ್ಲಿ ತಟ್ಟೆಯಲ್ಲಿ ಬಿಸಿ ರೊಟ್ಟಿ, ಅವಳ ಕೆನ್ನೆಯ ಮೇಲೆ ಹಿಟ್ಟು. ಅಲ್ಲೇ ಕಾಯಿಲೆ ಬಿದ್ದು ತೀರಿಕೊಂಡಳು. ಎಂಟು ವರ್ಷದ ಮಗಳನ್ನು ಕರೆದುಕೊಂಡು ಆಸ್ಟ್ರೇಲಿಯಾಕ್ಕೆ ಬಂದೆ. ಮಗಳು ಅಮ್ಮನ ಮಾತೇ ಎತ್ತುತ್ತಿರಲಿಲ್ಲ. ಮರೆತೇಬಿಡುತ್ತಾಳೇನೋ ಎಂದು ಹೆದರಿ, ಅಮ್ಮನ ರೊಟ್ಟಿಯನ್ನು ನಾನೇ ಮಾಡಲು ಹೊರಟೆ.

೧. ಪರ್ತ್

ಈಸ್ಟ್ ಹಾಕಿದ ಹಿಟ್ಟು ಉಬ್ಬಿದಾಗ ಗುದ್ದಿ ಕೂರಿಸಬೇಕಂತೆ. ಸಂಜೆಗೆಂದು ಬೆಳಿಗ್ಗೆಯೇ ಕಲಸಿದೆ. ಹಗಲಲ್ಲಿ ಗುದ್ದುವವರು ಯಾರು? ಡಬ್ಬಿ ಸಮೇತ ಆಫೀಸಿಗೇ ಹೊರಟೆ. ಹೊರಗೆ ಸುಡುಸುಡು ಬಿಸಿಲು. ರೈಲು ಸಿಟಿ ತಲುಪುವ ಮೊದಲೇ ಟಪ್ ಎಂದು ಮುಚ್ಚಳ ಹಾರಿತು, ಬ್ಯಾಗಿನ ಜಿಪ್ಪಿನಿಂದ ಹಿಟ್ಟು ಮೆಲ್ಲಗೆ ಹೊರಗೆ ಬಂತು.

ಎದುರಿಗಿದ್ದ ಮುದುಕ, "ಮೇಟ್, ನಿನ್ನ ಬ್ಯಾಗು ಉಸಿರಾಡ್ತಿದೆ," ಎಂದ.

"ಡಿನ್ನರ್," ಎಂದೆ. ಅವನು ಎದ್ದು ಮುಂದಿನ ಬೋಗಿಗೆ ಹೋದ.

ಉಳಿದ ಹಿಟ್ಟಿನಲ್ಲಿ ಸಂಜೆ ಮಾಡಿದ ರೊಟ್ಟಿ ಕಲ್ಲಾಗಿತ್ತು. ಮಗಳು ಪೂರ್ತಿ ಅಗಿದು ನುಂಗಿದಳು. "ಅಮ್ಮ ಮಾಡ್ತಿದ್ದ ಹಾಗಿದೆಯಾ ಪುಟ್ಟಿ?" ಎಂದರೆ, "ನಾಟ್ ರಿಯಲಿ," ಎಂದಳು. ಲ್ಯಾಪ್‌ಟಾಪಿಗೆ ಅಂಟಿದ ಹಿಟ್ಟು ಮಾತ್ರ ಒಂದು ವಾರ ಮೆತ್ತಗೇ ಇತ್ತು.

೨. ಬ್ರಿಸ್ಬೇನ್

ನಾರ್ತ್ ಲೇಕ್ಸ್ ಬಡಾವಣೆಯಲ್ಲಿ ಪಕ್ಕದ ಮನೆಗೆ ಮೈಸೂರಿನ ಆಂಟಿಯೊಬ್ಬರು ಮಗನ ಬಳಿ ಬಂದಿದ್ದರು. ನಾನು ಡ್ಯೂಟಿಗೆ ಹೋದಾಗ ಮಗಳನ್ನು ನೋಡಿಕೊಳ್ಳುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಹೆಂಡತಿ ಕೈಯಾರೆ ತುಂಬಿಟ್ಟಿದ್ದ ಕೊನೆಯ ಝಾತರ್ ಡಬ್ಬಿ ಇತ್ತು. ಅದನ್ನು ನಾನು ಚಿಟಿಕೆ ಚಿಟಿಕೆಯಾಗಿ ಬಳಸುತ್ತಿದ್ದೆ.

ಒಂದು ದಿನ ಮನೆಗೆ ಬಂದರೆ ಡಬ್ಬಿ ಖಾಲಿ. ಆಂಟಿ ಬಿಸಿ ಅನ್ನ, ತುಪ್ಪಕ್ಕೆ ಕಲಸಿಕೊಂಡು ಕೊನೆಯ ತುತ್ತು ಉಣ್ಣುತ್ತಿದ್ದರು.

"ಚಟ್ನಿಪುಡಿ ಪರವಾಗಿಲ್ಲ ಕಣಪ್ಪಾ. ಖಾರ ಹಾಕೋದು ಮರೆತಿದ್ದೀಯ."

ಅದು ಯಾರು ತುಂಬಿಟ್ಟ ಡಬ್ಬಿ ಎಂದು ಹೇಳಿದೆ. ವಿಷಯ ತಿಳಿದು ಆಂಟಿ ಗೊಳೋ ಎಂದು ಅತ್ತರು. ಮರುದಿನ ಪ್ರಾಯಶ್ಚಿತ್ತವೆಂದು ದೊಡ್ಡ ಡಬ್ಬಿ ತುಂಬ ಅಸಲಿ ಚಟ್ನಿಪುಡಿ ತಂದರು. ಆ ವಾರ ಖುಬ್ಬೂಸಿನ ಮೇಲೆ ಅದನ್ನೇ ಉದುರಿಸಿದೆ. ಮೊದಲ ಬಾರಿಗೆ ಮಗಳು ಎರಡನೆಯದು ಕೇಳಿದಳು. ನನಗೆ ಸಂತೋಷಪಡಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆಂಟಿ ಮಾತ್ರ, "ನೋಡಿದ್ಯಾ, ಖಾರ ಬೇಕಿತ್ತು," ಎಂದರು.

೩. ಅಡಿಲೇಡ್

ಕಿಲ್ಬರ್ನ್‌ನ ಬಾಡಿಗೆ ಮನೆಯಲ್ಲೂ ರೊಟ್ಟಿ ಉಬ್ಬಲಿಲ್ಲ. ಸೋತು, ಮಸ್ಕತ್ತಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಂಗಳೂರಿನಾಕೆಗೆ ಫೋನ್ ಮಾಡಿ, ನನ್ನವಳು ಏನು ಹಾಕುತ್ತಿದ್ದಳು ಎಂದು ಕೇಳಿದೆ.

ಆಕೆ, "ಅಣ್ಣಾ, ಅವಳೆಲ್ಲಿ ಮಾಡುದು ಮಾರಾಯ್ರೆ! ಕೆಳಗಿನ ಬೇಕರಿಯಿಂದ ತಂದು ಕಾವಲಿಯಲ್ಲಿ ಬಿಸಿ ಮಾಡುದು. ಮೊದಲ ಸಲ ನೀವು 'ನಿನ್ನಷ್ಟು ಚೆನ್ನಾಗಿ ಯಾರೂ ಮಾಡಲ್ಲ' ಅಂತ ಹೊಗಳಿದ್ರಂತಲ್ಲ? ಮತ್ತೆ ನಿಜ ಹೇಳ್ಲಿಕ್ಕೆ ಅವಳಿಗೆ ಮನಸ್ಸು ಬರ್ಲಿಲ್ಲ," ಎಂದಳು.

ಸ್ಪೀಕರಿನಲ್ಲಿದ್ದ ಫೋನಿಟ್ಟು, ಪಕ್ಕದಲ್ಲೇ ಕೇಳುತ್ತಿದ್ದ ಮಗಳ ಮುಖ ನೋಡಿದೆ. ಈಗ ಅವಳಿಗೆ ಹನ್ನೆರಡು.

"ಐ ನೋ, ಅಪ್ಪಾ. ನಾನೂ ಬೇಕರಿಗೆ ಹೋಗ್ತಿದ್ದೆ."

"ಮತ್ತೆ ಅಮ್ಮನ ಕೆನ್ನೆ ಮೇಲಿನ ಹಿಟ್ಟು?"

"ದಟ್ ವಾಸ್ ಮೈ ಜಾಬ್."

"ನಾಲ್ಕು ವರ್ಷ ನನ್ನ ಕಲ್ಲುರೊಟ್ಟಿ ಯಾಕೆ ತಿಂದೆ ಪುಟ್ಟಿ?"

"ಅಪ್ಪಂಗೆ ಹೇಳಬೇಡ ಅಂತ ಅಮ್ಮ ಪ್ರಾಮಿಸ್ ಮಾಡಿಸ್ಕೊಂಡಿದ್ಳು," ಎಂದಳು. ಅವಳು ಏನನ್ನೂ ಮರೆತಿರಲಿಲ್ಲ. ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

ಮುಂದಿನ ಶುಕ್ರವಾರ ಸ್ಕೂಲಿಗೆ ರಜೆಯಿತ್ತು. ಬೆಳಿಗ್ಗೆ ಅರಬ್ ಬೇಕರಿಯಿಂದ ಖುಬ್ಬೂಸ್ ತಂದು ಕಾವಲಿಯ ಮೇಲೆ ಬಿಸಿ ಮಾಡಿದೆ. ಮಗಳು ಎದ್ದು ಬಂದಳು, ಮೈದಾ ಡಬ್ಬಿಗೆ ಕೈ ಹಾಕಿ ನನ್ನ ಕೆನ್ನೆಗೆ ಒಂದಿಷ್ಟು ಹಿಟ್ಟು ಬಳಿದಳು. ಆಮೇಲೆ ಕೂತು ರೊಟ್ಟಿ ಮುರಿದು ಬಾಯಿಗಿಟ್ಟಳು.

"ಅಪ್ಪಾ, ಇವತ್ತು ಥೇಟ್ ಅಮ್ಮ ಮಾಡ್ತಿದ್ದ ಹಾಗೇ ಬಂದಿದೆ."