ಬಾಳವ್ವನ ಪಾಲಿನ ಮಜ್ಜಿಗೆ

ಮನೆಯಲ್ಲಿ ಒಬ್ಬ ಬುದ್ಧಿವಂತ ಹುಟ್ಟಿದರೆ ಉಳಿದವರು ಬಾಯಿ ಮುಚ್ಚಿಕೊಂಡು ಅನುಭವಿಸಬೇಕಾಗುತ್ತದೆ. ಮಸಗುಪ್ಪಿಯ ನಮ್ಮ ಮನೆಯಲ್ಲಿ ಆ ಬುದ್ಧಿವಂತ ನಾನೇ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಮೇಲೊಂದು ಸೈಕಲ್ಲು ಬೇರೆ. ನಮ್ಮ ಎಮ್ಮೆಗಳ ಹಾಲನ್ನು ಗೋಕಾಕದ ಚಹಾದಂಗಡಿಗೆ ಹಾಕುತ್ತೇನೆಂದು ಹೊರಟೆ.

ಅದುವರೆಗೆ ನಮ್ಮಲ್ಲಿ ಹಾಲು ಮಾರಿದವರಿಲ್ಲ. ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದುಕೊಂಡು, ತಂಬಿಗೆ ಹಿಡಿದು ಬಂದವರಿಗೆಲ್ಲ ಮಜ್ಜಿಗೆ ಸುರಿಯುವುದೇ ಪದ್ಧತಿ. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಮದುವೆಯಾಗಿ ಬಂದಂದಿನಿಂದ ಹೊಸ್ತಿಲಲ್ಲಿ ಕೂತು ಇದನ್ನೇ ಮಾಡಿದವಳು. "ಬಂದವರಿಗೆ ಮಜ್ಜಿಗಿ ಇಲ್ಲಂತ ಹೆಂಗ ಅನ್ನಲೋ ತಮ್ಮಾ?" ಎಂದಳು. "ಆಯಿ, ಕಾಲ ಬದಲಾಗೇತಿ" ಎಂದೆ, ಕಾಲವನ್ನು ನಾನೇ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದವನ ಹಾಗೆ.

ಜನ ಬರುವುದನ್ನು ಬಿಟ್ಟರು. ಐದು ಮನೆ ಆಚೆಯ ಬಾಳವ್ವ ಮಾತ್ರ ದಿನಾ ತಂಬಿಗೆ ಹಿಡಿದು ಬರುತ್ತಿದ್ದಳು. ಆಯಿ ದಿನಾ ತುಂಬಿಸಿ ಕಳಿಸುತ್ತಿದ್ದಳು. ಮಜ್ಜಿಗೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ನಾಚಿಕೆಗೆಟ್ಟ ಹೆಂಗಸು ಎಂದು ಬಾಳವ್ವನನ್ನೇ ಬೈದುಕೊಂಡೆ.

ಆಯಿ ತೀರಿಕೊಂಡ ಮೂರನೆಯ ದಿನ ಅವಳ ಹಾಸಿಗೆಯ ಮೂಲೆಯಲ್ಲಿ ಹೆಪ್ಪು ಹಾಕಿದ ಪುಟ್ಟ ಗಡಿಗೆ ಸಿಕ್ಕಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕುಡಿಯಾಕ ಕೊಟ್ಟ ಹಾಲು ಒಂದಿನಾನೂ ಕುಡೀಲಿಲ್ಲೋ. ಬಾಳವ್ವಗ ಬೇಕಂತ ಹೆಪ್ಪ ಹಾಕಿ ಇಡತಿದ್ದಳು. ತಾನು ನೀರಾಗ ರೊಟ್ಟಿ ಅದ್ದಿಕೊಂಡು ತಿಂದಳು." ನಾನು ಎಷ್ಟು ಸಣ್ಣ ಮನುಷ್ಯ ಎಂಬುದು ನನಗೆ ಆಗ ತಿಳಿಯಿತು.

ಆಯಿಯ ಮಣ್ಣಿಗೆ ಬಂದು ಹೋದ ಬಾಳವ್ವ ಆಮೇಲೆ ಇತ್ತ ಸುಳಿದಿರಲಿಲ್ಲ. ಅವಳ ಪಾಲು ತಪ್ಪಬಾರದೆಂದು ಆ ಗಡಿಗೆಯದನ್ನು ನಾನೇ ಕಡೆದು, ತಂಬಿಗೆ ತುಂಬಿಕೊಂಡು ಅವಳ ಮನೆಗೆ ಹೋದೆ. ಹಿತ್ತಲಲ್ಲಿ ಎಮ್ಮೆ ಕಟ್ಟಿತ್ತು. ಬಾಳವ್ವ ಮೊಸರು ಕಡೆಯುತ್ತ ಕೂತಿದ್ದಳು.

"ಎಮ್ಮಿ ಯಾವಾಗ ತಂದಿ, ದೊಡ್ಡವ್ವಾ?"

"ಎರಡ ವರ್ಷಾತು. ನಿಮ್ಮ ಆಯಿಗೆ ಹೇಳಬ್ಯಾಡ್ರಿ ಅಂತ ಓಣಿಗೆಲ್ಲಾ ಹೇಳಿದ್ದೆ. ನಾನೂ ಬರೋದು ಬಿಟ್ಟಿದ್ರ ಆಕಿ ಹೊಸ್ತಿಲದಾಗ ಕುಂತು ಯಾರ ದಾರಿ ನೋಡಬೇಕಿತ್ತು?"

ಐದು ಮನೆ ಆಚೆಯ ಎಮ್ಮೆ ಎರಡು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಕೈಯ ತಂಬಿಗೆ ಮಾತ್ರ ಬಾಳವ್ವನ ಕಣ್ಣಿಗೆ ತಕ್ಷಣ ಬಿತ್ತು.

"ಮಜ್ಜಿಗಿಗೆ ಬಂದಿಯೇನೋ ತಮ್ಮಾ? ನಾಚಬ್ಯಾಡ. ತಡಿ, ಸವುಟು ತರ್ತೀನಿ."

ಅವಳು ಒಳಗೆ ಹೋದಳು. ನಾನು ಎಮ್ಮೆಯ ಮರೆಗೆ ಸರಿದು, ಆಯಿಯ ಹುಳಿ ಮಜ್ಜಿಗೆಯನ್ನು ಅಳುತ್ತಲೇ ಗಟಗಟನೆ ಕುಡಿದು ಮುಗಿಸಿ, ಖಾಲಿ ತಂಬಿಗೆ ಹಿಡಿದು ನಿಂತೆ.