ಅತ್ತೆಯ ಅಂಬಾಸಿಡರ್, ಮಾವನ ರಿಪೇರಿ

ನನ್ನ ಸೋದರಮಾವನಿಗೆ ಕಾರು ಓಡಿಸಲು ಬರುವುದಿಲ್ಲ. ಕಾರಿನ ವಿಷಯದಲ್ಲಿ ಅವರಿಗೆ ಬಾರದಿರುವುದು ಅದೊಂದೇ! ಉಳಿದಂತೆ ಯಾರ ಗಾಡಿ ಎಲ್ಲಿ ಕೆಮ್ಮಿದರೂ ಫುಟ್‌ಪಾತಿನಲ್ಲಿ ನಿಂತೇ ರೋಗ ಹೇಳಬಲ್ಲರು, ಕೇಳದಿದ್ದರೂ ಹೇಳಬಲ್ಲರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಸರ್ವೀಸನ್ನೆಲ್ಲ ಕಡೆಯ ಡಬ್ಬಿಯಲ್ಲಿ ಕಳೆದವರಿಗೆ ಸ್ಟಿಯರಿಂಗ್ ಮುಂದೆ ಕೂತರೆ ತಲೆ ತಿರುಗುತ್ತದಂತೆ. ಹಾಗಂತ ಅವರೇ ಹೇಳುತ್ತಾರೆ, ಅದೂ ಬಹಳ ಹೆಮ್ಮೆಯಿಂದ!

ಹಾಗಾದರೆ ನುಂಗಂಬಾಕ್ಕಂನ ಅವರ ಮನೆಯ ಅಂಬಾಸಿಡರನ್ನು ಓಡಿಸುತ್ತಿದ್ದವರು ಯಾರು? ಅತ್ತೆ! ಸಿಟಿ ಬಸ್ಸಿನವರಿಗೂ ದಾರಿ ಬಿಡದೆ, ಕಿಟಕಿಯಿಂದ ಕೈ ಹೊರಗೆ ಹಾಕಿ ತಮಿಳಿನಲ್ಲಿ ಗದರುತ್ತ ಹೋಗುತ್ತಿದ್ದ ಗಟ್ಟಿಗಿತ್ತಿ. ಒಂದು ಮಳೆಗಾಲ ವೇಳಚೇರಿಯ ತಂಗಿ ಮನೆಯಿಂದ ಹೊರಟವರು ನೀರಿನ ನಡುವೆ ಸಿಕ್ಕಿಕೊಂಡರು. ಇಂಜಿನ್ ನಿಂತಿತು, ನೀರು ಸೀಟಿನವರೆಗೆ ಬಂತು, ಬಾಗಿಲು ತೆಗೆಯಲಾಗಲಿಲ್ಲ. ಯಾರೋ ಪುಣ್ಯಾತ್ಮರು ಕಿಟಕಿಯಿಂದ ಎಳೆದುಕೊಂಡರು. ಅವತ್ತಿನಿಂದ ಅತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಕಾರನ್ನು ತಂದು ಶೆಡ್ಡಿನಲ್ಲಿ ನಿಲ್ಲಿಸಿದ್ದಾಯಿತು. ಜೊತೆಗೆ ಅತ್ತೆಯೂ ನಿಂತುಬಿಟ್ಟರು. ಮೊದಮೊದಲು ಆಟೋದಲ್ಲಿ ಹೋಗುತ್ತಿದ್ದವರು ಆಮೇಲೆ ಮೋಡ ಕಂಡರೆ ಹೊರಡುತ್ತಿರಲಿಲ್ಲ, ಕೊನೆಗೆ ಬಿಸಿಲಿದ್ದರೂ ಹೊರಡುತ್ತಿರಲಿಲ್ಲ. ತಂಗಿಯನ್ನು ನೋಡುವುದೂ ಫೋನಿನಲ್ಲೇ.

ಹೀಗೆ ವರ್ಷಗಳು ಕಳೆದ ಮೇಲೆ ಮಾವ ಒಂದು ದಿನ ಘೋಷಿಸಿದರು. "ಶೆಡ್ಡಿನಲ್ಲಿರೋ ವಂಡಿ ರೆಡಿ ಮಾಡ್ತೀನಿ ಕಣೋ. ಇವಳು ಮತ್ತೆ ಓಡಿಸ್ಬೇಕು."

"ಒಬ್ಬ ಡ್ರೈವರ್ ಇಟ್ಕೊಂಡ್ರೆ ಮುಗೀತಲ್ಲ ಮಾವ! ಇಲ್ಲ ನೀವೇ ಕಲೀರಿ."

"ಚುಮ್ಮಾ ಇರೋ! ಬೇರೆಯವರು ಓಡಿಸಿದ್ರೆ ಇವಳು ಹಿಂದೆ ಕಣ್ಣು ಮುಚ್ಕೊಂಡು ಕೂತ್ಕೋತಾಳೆ. ಹೆದರಿಕೆ ಹೋಗೋದು ಯಾವಾಗ?"

ಅವರ ಹಿಂದೆ ಪಲ್ಲಾವರಂನ ಶುಕ್ರವಾರದ ಸಂತೆಗೆ ಹೊರಟೆ. ಅಲ್ಲಿ ಹಳೇ ಸಾಮಾನಿನ ರಾಶಿಯಲ್ಲಿ ಕಾರ್ಬ್ಯುರೇಟರ್ ಹುಡುಕುವುದು ನಮ್ಮ ಕೆಲಸ. ಬಿಸಿಲಲ್ಲಿ ಬೆಂದು ಮನೆಗೆ ತಂದದ್ದು ಏನು? ಲಾರಿಯ ಹಾರ್ನ್! "ಮೊದಲು ಕೂಗ್ಲಿ, ಆಮೇಲೆ ಓಡ್ಲಿ" ಎಂದು ಅದನ್ನು ಹೊಸ ಬ್ಯಾಟರಿಗೆ ಸಿಕ್ಕಿಸಿ ಒತ್ತಿಯೇಬಿಟ್ಟರು. ಎದುರುಮನೆ ಮಾಮಿಯ ಕೈಯಲ್ಲಿದ್ದ ಕಾಫಿ ಲೋಟ ನೇರ ಅವರ ಯಜಮಾನರ ಬಿಳೀ ಪಂಚೆಯ ಮೇಲೆ ಬಿತ್ತು. ಕಾರ್ಬ್ಯುರೇಟರ್ ಮುಂದಿನ ಶುಕ್ರವಾರ ಬಂತು.

ಮೆಕ್ಯಾನಿಕ್ ಬಂದವನು ಬಾನೆಟ್ ಎತ್ತುವ ಮೊದಲೇ ಹಿಂದಿನ ಸೀಟಿನಲ್ಲಿ ಇಣುಕಿ ಕೈ ಮುಗಿದ. "ಇದು ವಂಡಿ ಇಲ್ಲೆ ಸಾರ್, ಪೂನೆ ವೀಡು!" ನಿಜ, ಬೆಕ್ಕಿನ ಮನೆಯೇ. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬಾಣಂತಿಯನ್ನು ಎಬ್ಬಿಸುವುದುಂಟೇ? ಮಾವ ಕೆಲಸ ನಿಲ್ಲಿಸಿದರು. ಮರಿಗಳು ತಾವಾಗಿ ಇಳಿದು ಹೋಗುವತನಕ ಮೆಕ್ಯಾನಿಕ್ ದಿನಾ ಬಂದು ಕಾಫಿ ಕುಡಿದು ಹೋಗುತ್ತಿದ್ದ.

ಅಂತೂ ಇಂಜಿನ್ ಚಾಲೂ ಮಾಡುವ ದಿನ ಬಂತು. ಮಾವ ಪೆಟ್ಟಿಗೆಯಿಂದ ಹಸಿರು ಬಾವುಟ, ಸೀಟಿ ತೆಗೆದುಕೊಂಡು ಕಾರಿನ ಹಿಂದೆ ನಿಂತರು. "ಪಿನ್ನಾಡಿ ನಿಕ್ಕಾದೀಂಗ ಸಾರ್, ಪೊಗೆ ವರುಂ!" ಎಂದು ಮೆಕ್ಯಾನಿಕ್ ಅಂಗಲಾಚಿದ.

"ಹೊಗೆ ಬಂದ್ರೆ ಬರ್ಲಿ! ಗಾರ್ಡ್ ಹಿಂದೆ ನಿಲ್ಲದೆ ಗಾಡಿ ಹೊರಡತ್ತೇನಯ್ಯ?"

ಸೀಟಿ ಊದಿದರು. ಕಾರು ವರ್ಷಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಹೊಗೆಯನ್ನೆಲ್ಲ ಒಂದೇ ಸಲ ಬಿಟ್ಟಿತು. ಹೊಗೆ ಕರಗಿದಾಗ ಮಾವ ಕಪ್ಪಾಗಿದ್ದರು, ಬಾವುಟವೂ ಕಪ್ಪಾಗಿತ್ತು. ಹಲ್ಲು ಮಾತ್ರ ಕಾಣುತ್ತಿತ್ತು, ಏಕೆಂದರೆ ನಗುತ್ತಿದ್ದರು!

ಮರುದಿನ ಬೆಳಿಗ್ಗೆ ಪೂಜೆ. ಕುಂಕುಮ, ಹೂವಿನ ಹಾರ, ನಾಲ್ಕೂ ಚಕ್ರದಡಿ ನಿಂಬೆಹಣ್ಣು. ಇಂಜಿನ್ ಓಡುತ್ತಿದೆ, ಎಲ್ಲರೂ ಸುತ್ತ ನಿಂತಿದ್ದೇವೆ, ಡ್ರೈವರ್ ಸೀಟು ಮಾತ್ರ ಖಾಲಿ! ಮೆಕ್ಯಾನಿಕ್ ಹತ್ತಲು ಹೋದ, ಮಾವ ತಡೆದರು. ನಾನು ಹೋದೆ, ನನ್ನನ್ನೂ ತಡೆದರು. ಹಣ್ಣಿಟ್ಟ ಮೇಲೆ ಅದನ್ನು ತುಳಿಯದೆ ಗಾಡಿ ನಿಲ್ಲಬಾರದು ಎನ್ನುವುದು ಅತ್ತೆಯದೇ ಕಟ್ಟಪ್ಪಣೆ. ಮಾವ ಅದನ್ನೇ ನಂಬಿಕೊಂಡಿದ್ದರು, ಎಂಥ ಘಾಟಿ ನೋಡಿ!

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ಏನ್ರೀ ಇದು? ಹಣ್ಣಿಟ್ಟು ಹೀಗೆ ನಿಲ್ಲಿಸ್ತಾರಾ ಯಾರಾದ್ರೂ?"

"ನಂಗೆ ಬರಲ್ಲ. ನಿಂಗೆ ಬರತ್ತೆ," ಎಂದರು ಮಾವ, ಅಷ್ಟೇ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಮೆಲ್ಲಗೆ ಬಂದು ಕೂತರು. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದರು.

"ಕಿಟಕಿ ಹಿಡ್ಕೊಂಡಿರಿ," ಎಂದರು ಅತ್ತೆ. "ಬಿಡ್ಬೇಡಿ."

"ಬಿಡಲ್ಲ ಕಣೇ."

ಹಣ್ಣುಗಳು ಪಟಪಟನೆ ಒಡೆದವು. ಕಾರು ಗೇಟು ದಾಟಿ ನಡಿಗೆಯ ವೇಗದಲ್ಲಿ ಹೊರಟಿತು. ಮಾವ ಒಂದು ಕೈಯಲ್ಲಿ ಕಿಟಕಿ, ಇನ್ನೊಂದರಲ್ಲಿ ಪಂಚೆ ಹಿಡಿದು ಪಕ್ಕದಲ್ಲೇ ನಡೆದರು. ಇಸ್ತ್ರಿಯವನ ಗಾಡಿ ದಾಟಿತು, ಹಾಲಿನ ಅಂಗಡಿ ದಾಟಿತು. ಯಾರೂ ನಗಲಿಲ್ಲ. ಬೀದಿಯ ತುದಿಯಲ್ಲಿ ಅತ್ತೆ ಬ್ರೇಕ್ ಹಾಕಿದರು. ನಾವೂ ಹಿಂದೆಯೇ ಓಡಿದೆವು.

"ಹತ್ತಿ ಒಳಗೆ," ಎಂದರು ಅತ್ತೆ. "ಮೇನ್ ರೋಡಲ್ಲಿ ಹೀಗೆಲ್ಲ ನಡೀಬಾರ್ದು."

ಮಾವ ಸುತ್ತಿ ಆ ಕಡೆಗೆ ಹೋದರು. ಆ ಕಾರಿನ ಒಂದೊಂದು ನಟ್ಟೂ ಗೊತ್ತಿದ್ದವರಿಗೆ ಬಾಗಿಲಿನ ಹಿಡಿ ಎಲ್ಲಿದೆಯೆಂದು ಕಾಣಲಿಲ್ಲ, ಕಣ್ಣು ಅಷ್ಟು ತುಂಬಿಬಿಟ್ಟಿತ್ತು. ಅತ್ತೆಯೇ ಒಳಗಿನಿಂದ ಬಗ್ಗಿ ಬಾಗಿಲು ತೆಗೆದುಕೊಟ್ಟರು.