ಹಸರು ಸೀರಿಯ ಸಸ್ಪೆನ್ಸು

ದೆವ್ವದ ಪಿಚ್ಚರಿನ್ಯಾಗ ದೆವ್ವಕ್ಕ ಯಾರೂ ಅಂಜಂಗಿಲ್ಲರಿ. ದೆವ್ವ ಬರೂಕಿಂತ ಮೊದಲಿನ ಹೊತ್ತಿಗೆ ಅಂಜತಾರ. ಈ ಮಹಾಶಾಸ್ತ್ರವನ್ನ ಜೇವರ್ಗಿಯ ನಮ್ಮ ಮನ್ಯಾಗ, ಟಿವಿ ಮುಂದ ಕುಂತು, ಹೆಂಡತಿ ಶಿವಕಾಂತಾಗ ಎಷ್ಟೋ ಸಲ ಬೋಧಿಸೇನಿ. (ಆಕಿ ಶೇಂಗಾ ಸುಲಿಯೂದು ಬಿಟ್ಟು ತಲಿ ಎತ್ತಿಲ್ಲ.)

ನಿನ್ನೆ ಆ ಪಿಚ್ಚರ ನಮ್ಮ ಮನ್ಯಾಗೇ ನಡೀತು ನೋಡ್ರಿ.

ಆಕಿ ತವರಿಗೆ, ಅತನೂರಿಗೆ ಹೋಗಿದ್ಳು. ಹಳೀ ಅರಿವಿ ತಗೊಂಡು ಭಾಂಡಿ ಕೊಡೂ ಮಾಳಮ್ಮ ಓಣ್ಯಾಗ ಕೂಗಿದ್ಳು. ಹೆಂಡತಿಗೆ ಖುಷಿ ಆಗ್ಲಿ ಅಂತ, ಅಲಮಾರಿ ತಳದಾಗಿದ್ದ ಹಸರು ಸೀರಿ ಕೊಟ್ಟು ಸ್ಟೀಲಿನ ರೊಟ್ಟಿ ಡಬ್ಬಿ ತಗೊಂಡೆ. ಮಾಳಮ್ಮ ಹೋದ ಮ್ಯಾಲ ನೆನಪಾತು: ಶಿವಕಾಂತಾಳ ಅವ್ವ ಲಗ್ನದಾಗ ಉಡಿಸಿದ ಇಳಕಲ್ ಸೀರೀನೂ ಹಸರು! ಓಡಿ ಹೋಗಿ ನೋಡಿದ್ರ ಓಣಿ ಖಾಲಿ.

ಮಧ್ಯಾಹ್ನ ಬಾಗಿಲು ಕಿರ್ರ್ ಅಂತು. ಶಿವಕಾಂತಾ ಬಂದ್ಳು. ನಾ ಪೇಪರಿನ್ಯಾಗ ಮುಖ ಹುಗಿದೆ, ಕಣ್ಣೆತ್ತಲಿಲ್ಲ. ಆಕಿ ಮಾತಾಡಲಿಲ್ಲ. (ಮೊದಲ ಪಾಠ: ಸದ್ದು ಸಾಯಬೇಕು.) ಬಳಿ ಸಪ್ಪಳ ಅಲಮಾರಿ ಕಡೆ ಹೊಂಟಿತು. ನಿಂತಿತು.

"ಏನ್ರೀ..." ಅಂದ್ಳು.

ಜೀವ ಬಾಯಿಗೆ ಬಂತು.

"ಚಹಾ ಮಾಡ್ಲೇನ್ರಿ?"

(ಇದು ಬೆಕ್ಕು. ಪಿಚ್ಚರಿನ್ಯಾಗ ದೆವ್ವ ಬಂತು ಅನ್ನೂದ್ರಾಗ ಬೆಕ್ಕು ಜಿಗೀತದ, ನಾವು ಉಸರು ಬಿಡ್ತೇವಿ, ದೆವ್ವ ಆವಾಗ ಬರ್ತದ. ನಾ ಶಾಣ್ಯಾ, ಉಸರು ಬಿಡಲಿಲ್ಲ.)

ಅಲಮಾರಿ ಬಾಗಿಲು ಸಾವಕಾಶ ತೆರೀತು. ಇನ್ನ ತಡಕೊಳ್ಳಾಕ ಆಗಲಿಲ್ಲರಿ.

"ತಪ್ಪಾತು ಮಾರಾಯ್ತಿ! ನಿಮ್ಮವ್ವನ ಹಸರು ಸೀರಿ ಭಾಂಡಿಯಾಕಿಗೆ ಕೊಟ್ಟೇನಿ!"

"ಕಣ್ಣು ಎಲ್ಲಿ ಇಟ್ಟೀರಿ? ಆ ಸೀರಿ ನನ್ನ ಮೈಮ್ಯಾಲ ಅದ!"

ಕಣ್ಣೆತ್ತಿದೆ. ಖರೇ! ಅದೇ ಹಸರು, ಅದೇ ಕೆಂಪು ಸೆರಗು. ಅಪ್ಪಾ ದೇವರೇ, ಬದುಕಿದೆ! ನಕ್ಕೆ. ಎದಿ ತುಂಬ ಉಸರು ಬಿಟ್ಟೆ.

"ಹಂಗಾರ ನೀವು ಕೊಟ್ಟದ್ದು ಯಾವುದ್ರಿ?" ಅಲಮಾರಿ ತಳ ನೋಡಿದ ಶಿವಕಾಂತಾಳ ಮುಖ ಬಿಳಿಚಿತು. "ಅಯ್ಯಯ್ಯೋ! ನಿಮ್ಮಕ್ಕ ಫಾಲ್ ಹಚ್ಚಾಕ ಬಿಟ್ಟು ಹೋಗಿದ್ದ ಹೊಸಾ ಸೀರೀರಿ! ನಾಳಿ ಲಗ್ನಕ್ಕ ಉಡಬೇಕಂತ ಅಕ್ಕ ನನ್ನ ಸಂಗಾಟನ ಬಸ್ಸಿಗೆ ಬಂದಾರ, ಹಿಂದ ಬರಾಕತ್ತಾರ!"

(ನಮ್ಮಕ್ಕ ನಿಂಬೆವ್ವ ನಡದು ಬಂದ್ರ ಅಫಜಲಪುರದ ಸಂತ್ಯಾಗ ಎತ್ತು ಸುದ್ದಾ ದಾರಿ ಬಿಡ್ತಾವ.)

ನನ್ನ ಬೆನ್ನ ಹಿಂದ, ಹೊಸ್ತಿಲದಾಗಿಂದ, ತಣ್ಣಗ ಒಂದು ಧ್ವನಿ ನನ್ನ ಹೆಸರು ಹಿಡದು ಕರೀತು.

"ಶ್ರೀಮಂತಾ..."

ನಾ ತಿರುಗಲಿಲ್ಲ. ತಿರುಗಿ ನೋಡಿದವ ಬದುಕಿದ್ದು ನಾ ಯಾವ ಪಿಚ್ಚರಿನ್ಯಾಗೂ ನೋಡಿಲ್ಲರಿ.